ಮೂರಡಿ ಅಕ್ವೇರಿಯಂ: ಮೊದಲು ನೀರು, ಆಮೇಲೆ ಗಿಡ, ಕೊನೆಗೆ ಮೀನು

ಹೊಸದಾಗಿ ಅಕ್ವೇರಿಯಂ ಇಡಬೇಕೆಂದು ಹೊರಟವರು ಸಾಮಾನ್ಯವಾಗಿ ಮಾಡುವುದು ಇಷ್ಟು: ಅಂಗಡಿಗೆ ಹೋಗಿ ಬಣ್ಣ ಚೆನ್ನಾಗಿರುವ ಮೀನುಗಳತ್ತ ಬೆರಳು ತೋರಿಸುವುದು, ಅದೇ ಸಂಜೆ ತೊಟ್ಟಿ, ಕಲ್ಲು, ಮೋಟಾರು, ಮೀನು ಎಲ್ಲವನ್ನೂ ಒಟ್ಟಿಗೇ ಮನೆಗೆ ಸಾಗಿಸುವುದು. ಎರಡು ವಾರ ಕಳೆಯುವಷ್ಟರಲ್ಲಿ ಅರ್ಧದಷ್ಟು ಮೀನು ಸತ್ತಿರುತ್ತವೆ. ‘ನಮ್ಮ ಕೈಗುಣ ಸರಿಯಿಲ್ಲ, ನಮ್ಮ ಮನೆಗೆ ಮೀನು ಆಗಿಬರುವುದಿಲ್ಲ’ ಎಂದುಕೊಂಡು ತೊಟ್ಟಿಯನ್ನು ಅಟ್ಟಕ್ಕೆ ಏರಿಸುತ್ತಾರೆ. ಕೈಗುಣಕ್ಕೂ ಇದಕ್ಕೂ ಸಂಬಂಧವಿಲ್ಲ. ಆಯ್ಕೆಯ ಕ್ರಮ ತಲೆಕೆಳಗಾಗಿದೆ, ಅಷ್ಟೇ. ಮೀನನ್ನು ಎಲ್ಲಕ್ಕಿಂತ ಕೊನೆಗೆ ಆರಿಸಬೇಕು. ಯಾವ ಮೀನು ಎಂಬುದನ್ನು ನಿಮ್ಮ ನಲ್ಲಿಯ ನೀರು ಅರ್ಧ ತೀರ್ಮಾನಿಸುತ್ತದೆ, ನೀವು ನೆಟ್ಟ ಗಿಡಗಳು ಕಾಲುಭಾಗ ತೀರ್ಮಾನಿಸುತ್ತವೆ. ಉಳಿದ ಕಾಲುಭಾಗ ನಿಮ್ಮ ಇಷ್ಟಕ್ಕೆ ಬಿಟ್ಟದ್ದು.

ಈ ಬರಹದುದ್ದಕ್ಕೂ ಮೂರು ಅಡಿ ಉದ್ದ, ಒಂದೂವರೆ ಅಡಿ ಅಗಲ, ಒಂದೂವರೆ ಅಡಿ ಎತ್ತರದ ತೊಟ್ಟಿಯನ್ನು ಮನಸ್ಸಿನಲ್ಲಿಟ್ಟುಕೊಂಡಿದ್ದೇನೆ. ಮನೆಯ ಹಜಾರಕ್ಕೆ ಹೊಂದುವ, ಹೊಸಬರಿಗೂ ನಿಭಾಯಿಸಲಾಗುವ ಗಾತ್ರ ಇದು. ಚಿಕ್ಕ ತೊಟ್ಟಿ ಸುಲಭ ಎಂಬ ನಂಬಿಕೆ ತಪ್ಪು. ನೀರು ಕಡಿಮೆಯಿದ್ದಷ್ಟೂ ಅದು ಬೇಗ ಕೆಡುತ್ತದೆ, ಬೇಗ ಕಾಯುತ್ತದೆ, ಬೇಗ ತಣ್ಣಗಾಗುತ್ತದೆ.

ಹೆಜ್ಜೆ 1: ತೊಟ್ಟಿಯ ಲೆಕ್ಕಾಚಾರ

ಈ ಅಳತೆಯ ತೊಟ್ಟಿಯ ಒಟ್ಟು ಗಾತ್ರ ಸುಮಾರು 190 ಲೀಟರ್. ಮರಳು, ಕಲ್ಲು, ಮೇಲೆ ಬಿಡುವ ಎರಡು ಇಂಚು ಜಾಗ ಕಳೆದರೆ ನಿಜವಾಗಿ ಹಿಡಿಯುವ ನೀರು 150 ಲೀಟರ್ ಆಸುಪಾಸು. ಔಷಧಿ ಹಾಕುವಾಗ, ಮೀನಿನ ಸಂಖ್ಯೆ ನಿರ್ಧರಿಸುವಾಗ ಈ ಎರಡನೆಯ ಅಂಕಿಯನ್ನೇ ಹಿಡಿಯಿರಿ. ಗಾಜು, ಮರಳು, ಸ್ಟ್ಯಾಂಡು ಸೇರಿ ಒಟ್ಟು ಭಾರ 250 ಕಿಲೋ ದಾಟುತ್ತದೆ. ಆದ್ದರಿಂದ ಟಿ.ವಿ. ಇಡುವ ಪ್ಲೈವುಡ್ ಮೇಜು ಇದಕ್ಕೆ ಸಲ್ಲದು. ಕಬ್ಬಿಣದ ಸ್ಟ್ಯಾಂಡು ಮಾಡಿಸಿ, ಗಾಜಿನ ಕೆಳಗೆ ಥರ್ಮೋಕೋಲ್ ಹಾಳೆ ಹಾಸಿ. ಕಿಟಕಿಯ ನೇರ ಬಿಸಿಲು ಬೀಳುವ ಜಾಗ ಬೇಡ. ಪಾಚಿಗೆ ಬಿಸಿಲೆಂದರೆ ಹಬ್ಬ.

ಕೊಳ್ಳುವಾಗ ಎತ್ತರಕ್ಕಿಂತ ಅಗಲಕ್ಕೆ ಹಣ ಹಾಕುವುದು ಜಾಣತನ. ಅಗಲ ಹೆಚ್ಚಿದ್ದರೆ ಗಿಡಗಳನ್ನು ಮುಂದೆ, ನಡುವೆ, ಹಿಂದೆ ಎಂದು ಮೂರು ಸಾಲಿನಲ್ಲಿ ನೆಡಬಹುದು, ಮೀನಿಗೆ ಈಜಲು ನಿಜವಾದ ಜಾಗವೂ ಸಿಗುತ್ತದೆ. ಒಂದೂವರೆ ಅಡಿಗಿಂತ ಎತ್ತರದ ತೊಟ್ಟಿಯ ತಳಕ್ಕೆ ಬೆಳಕು ತಲುಪಿಸುವುದೂ ಕಷ್ಟ, ತೋಳು ಇಳಿಸಿ ಕೆಲಸ ಮಾಡುವುದೂ ಕಷ್ಟ.

ಫಿಲ್ಟರ್ ಗಂಟೆಗೆ 800ರಿಂದ 1000 ಲೀಟರ್ ನೀರು ಹಾಯಿಸುವಂಥದ್ದಿರಲಿ. ಅದರೊಳಗೆ ಬ್ಯಾಕ್ಟೀರಿಯಾ ಕೂರಲು ಸ್ಪಾಂಜು, ಸೆರಾಮಿಕ್ ಉಂಗುರಗಳಿಗೆ ಜಾಗ ಇದೆಯೇ ನೋಡಿ. ಬರೀ ನೀರು ಚಿಮ್ಮುವ ಮೋಟಾರು ಫಿಲ್ಟರ್ ಅಲ್ಲ. ನಮ್ಮ ಕಡೆ ಕರೆಂಟು ಹೋಗುವುದು ಹೊಸದೇನಲ್ಲವಾದ್ದರಿಂದ ಬ್ಯಾಟರಿಯಿಂದ ನಡೆಯುವ ಒಂದು ಗಾಳಿ ಪಂಪನ್ನೂ ಅದರ ಜೊತೆಗೇ ಕೊಂಡುಬಿಡಿ.

ಹೆಜ್ಜೆ 2: ನಿಮ್ಮ ನಲ್ಲಿಯ ನೀರು ಎಂಥದ್ದು?

ಮೀನು ಆರಿಸುವ ಕೆಲಸ ನಿಜವಾಗಿ ಶುರುವಾಗುವುದು ಇಲ್ಲಿ. ಕರಾವಳಿ, ಮಲೆನಾಡಿನ ಮುರಕಲ್ಲು ಪ್ರದೇಶದ ಬಾವಿ ನೀರು ಬಹುಮಟ್ಟಿಗೆ ಮೆದು, ತುಸು ಆಮ್ಲೀಯ. ಬೆಂಗಳೂರಿನ ಕಾವೇರಿ ನೀರು ನಡುವಿನದು, ಆದರೆ ಅದರಲ್ಲಿ ಕ್ಲೋರಿನ್ ಇರುತ್ತದೆ. ಬಯಲುಸೀಮೆಯ ಕೊಳವೆಬಾವಿ ನೀರು ಗಡಸು. ಬಕೆಟ್ಟಿನ ಅಂಚಿನಲ್ಲಿ, ಗೀಸರಿನ ಒಳಗೆ ಬಿಳಿ ಪದರ ಕಟ್ಟುವುದು ಅದರ ಗುರುತು.

ಊಹೆಗೆ ಬಿಡದೆ ಅಳೆಯಿರಿ. ಕುಡಿಯುವ ನೀರಿನ ಯಂತ್ರ ರಿಪೇರಿಗೆ ಬರುವವರ ಕೈಯಲ್ಲಿರುವ ಟಿಡಿಎಸ್ ಪೆನ್ನು ಒಂದು ಅಂದಾಜು ಕೊಡುತ್ತದೆ. ಆದರೆ ಅದು ನೀರಿನಲ್ಲಿ ಕರಗಿದ ಎಲ್ಲವನ್ನೂ ಒಟ್ಟಾಗಿ ಎಣಿಸುತ್ತದೆ, ಗಡಸುತನವನ್ನು ಬೇರೆಯಾಗಿ ಹೇಳುವುದಿಲ್ಲ. ಹನಿ ಹಾಕಿ ಬಣ್ಣ ನೋಡುವ ಪರೀಕ್ಷಾ ಕಿಟ್ ಕೊಳ್ಳಿ. ಪಿಎಚ್ (ನೀರು ಎಷ್ಟು ಆಮ್ಲೀಯ, ಎಷ್ಟು ಕ್ಷಾರೀಯ ಎಂಬ ಅಳತೆ), ಗಡಸುತನ, ಅಮೋನಿಯ, ನೈಟ್ರೈಟ್, ನೈಟ್ರೇಟ್ ಈ ಐದನ್ನು ಅದು ತೋರಿಸಬೇಕು. ಗಡಸುತನ 100 ಪಿಪಿಎಂ (ಅಂದರೆ ಲೀಟರಿಗೆ ಇಷ್ಟು ಮಿಲಿಗ್ರಾಂ) ಒಳಗಿದ್ದರೆ ಮೆದು ನೀರು, 200 ದಾಟಿದರೆ ಗಡಸು, ನಡುವಿನದು ನಡುವಿನದೇ. ಈ ಕಿಟ್ಟಿಗೆ ಹಣ ಖರ್ಚು ಮಾಡಲು ಹಿಂಜರಿದವರು ಅದರ ದುಪ್ಪಟ್ಟು ಹಣವನ್ನು ಸತ್ತ ಮೀನಿನ ಮೇಲೆ ಕಳೆಯುತ್ತಾರೆ.

ಗಡಸು ನೀರನ್ನು ಮೆದು ಮಾಡುವ ಸಾಹಸಕ್ಕೆ ಹೊಸಬರು ಇಳಿಯದಿರುವುದೇ ಲೇಸು. ಪಿಎಚ್ ಇಳಿಸುವ ಸೀಸೆಗಳು ಅಂಗಡಿಯಲ್ಲಿ ಸಿಗುತ್ತವೆ. ಹಾಕಿದ ದಿನ ಇಳಿಯುತ್ತದೆ, ಎರಡು ದಿನಕ್ಕೆ ಮತ್ತೆ ಏರುತ್ತದೆ. ಈ ಏರಿಳಿತ ಮೀನಿಗೆ ಗಡಸು ನೀರಿಗಿಂತ ಹೆಚ್ಚು ಹಾನಿ. ಆರ್‌ಒ ಯಂತ್ರದ ಶುದ್ಧ ನೀರನ್ನೇ ತುಂಬಿಸಿದರೆ ಅದರಲ್ಲಿ ಲವಣಗಳು ಬಹುತೇಕ ಇರುವುದಿಲ್ಲ. ಮೀನಿಗೂ ಆಗದು, ಗಿಡಕ್ಕೂ ಆಗದು. ಬೇಕಾದರೆ ನಲ್ಲಿ ನೀರಿಗೆ ಅರ್ಧಕ್ಕರ್ಧ ಬೆರೆಸಬಹುದು, ಆದರೆ ಪ್ರತಿ ವಾರವೂ ಅದೇ ಪ್ರಮಾಣದಲ್ಲಿ ಬೆರೆಸುವ ಶಿಸ್ತು ಬೇಕು. ಅದೇ ಯಂತ್ರ ಹೊರಬಿಡುವ ತ್ಯಾಜ್ಯ ನೀರನ್ನು ಉಳಿತಾಯವೆಂದು ತೊಟ್ಟಿಗೆ ಸುರಿಯಬೇಡಿ, ಲವಣವೆಲ್ಲ ಅದರಲ್ಲೇ ಸೇರಿಕೊಂಡಿರುತ್ತದೆ. ಅಪಾರ್ಟ್‌ಮೆಂಟಿನ ಸಾಫ್ಟನರ್ ನೀರೂ ಬೇಡ. ಅದು ಕ್ಯಾಲ್ಸಿಯಂ ತೆಗೆದು ಆ ಜಾಗಕ್ಕೆ ಸೋಡಿಯಂ ತುಂಬಿದ ನೀರು.

ಕ್ಲೋರಿನ್‌ಗೆ ಅಂಗಡಿಯಲ್ಲಿ ಸಿಗುವ ಆ್ಯಂಟಿಕ್ಲೋರಿನ್ ಹರಳು ಸಾಕು. ಅದು ಸೋಡಿಯಂ ಥಯೋಸಲ್ಫೇಟ್, ಹಳಬರು ಹೈಪೋ ಎನ್ನುತ್ತಾರೆ. ಕೊಳವೆಬಾವಿ ನೀರಿನಲ್ಲಿ ಕ್ಲೋರಿನ್ ಇರದಿದ್ದರೂ ಒಂದು ದಿನ ಡ್ರಮ್ಮಿನಲ್ಲಿ ಗಾಳಿಯಾಡಲು ಬಿಟ್ಟು ಬಳಸಿ. ನೆಲದಾಳದಿಂದ ಬಂದ ನೀರಿನಲ್ಲಿ ಆಮ್ಲಜನಕ ಕಡಿಮೆ, ಇಂಗಾಲದ ಡೈ ಆಕ್ಸೈಡ್ ಹೆಚ್ಚು. ಒಂದು ದಿನ ನಿಂತ ಮೇಲೆ ಅಳೆದ ಪಿಎಚ್ ಮಾತ್ರ ನಂಬತಕ್ಕದ್ದು.

ಉಷ್ಣಾಂಶವನ್ನೂ ಇಲ್ಲೇ ಗಮನಿಸಿ. ಡಿಸೆಂಬರ್, ಜನವರಿಯ ರಾತ್ರಿಗಳಲ್ಲಿ ಬೆಂಗಳೂರಿನ ಮನೆಯೊಳಗಿನ ತೊಟ್ಟಿಯ ನೀರು 20–21 ಡಿಗ್ರಿಗೆ ಇಳಿಯಬಲ್ಲದು. ಅಲ್ಲಿ 150ರಿಂದ 200 ವ್ಯಾಟಿನ ಹೀಟರ್ ಬೇಕಾಗಬಹುದು. ಮಂಗಳೂರಿನವರಿಗೆ ಅದು ದಂಡ. ಕಲಬುರಗಿ, ರಾಯಚೂರಿನವರಿಗೆ ಬೇಸಿಗೆಯೇ ಸಮಸ್ಯೆ. ನೀರು 32 ಡಿಗ್ರಿ ದಾಟಿದರೆ ಅದರಲ್ಲಿ ಕರಗುವ ಆಮ್ಲಜನಕ ಕುಗ್ಗುತ್ತದೆ. ಮುಚ್ಚಳದ ಬದಲು ಬಲೆ ಹಾಕಿ ನೀರಿನ ಮೇಲ್ಮೈಗೆ ಸಣ್ಣ ಫ್ಯಾನಿನ ಗಾಳಿ ಹಾಯಿಸಿದರೆ ಎರಡು ಮೂರು ಡಿಗ್ರಿ ಇಳಿಯುತ್ತದೆ.

ಹೆಜ್ಜೆ 3: ತಳ ಮತ್ತು ಬೆಳಕು

ತಳಕ್ಕೆ ಎರಡು ಇಂಚಿಗೂ ಮಿಕ್ಕಿ, ಅಂದರೆ ಆರು ಸೆಂಟಿಮೀಟರ್ ದಪ್ಪ ಹೊಳೆ ಮರಳು ಅಥವಾ ಒಂದೆರಡು ಮಿಲಿಮೀಟರಿನ ಸಣ್ಣ ಜಲ್ಲಿ ಹಾಕಿ. ಸುಮಾರು 40 ಕಿಲೋ ಬೇಕಾಗುತ್ತದೆ. ತೊಳೆದ ನೀರು ತಿಳಿಯಾಗುವವರೆಗೆ ತೊಳೆಯಬೇಕು. ಕಟ್ಟಡಕ್ಕೆ ಬಳಸುವ ಎಂ-ಸ್ಯಾಂಡ್ ಬೇಡ. ಒಡೆದ ಕಲ್ಲಿನ ಪುಡಿಯಾದ್ದರಿಂದ ಅದರ ಅಂಚು ಚೂಪು, ತಳದಲ್ಲಿ ಮೂತಿ ತೂರಿಸಿ ಮೇಯುವ ಮೀನುಗಳ ಮೀಸೆ ಸವೆಯುತ್ತದೆ. ಅಮೃತಶಿಲೆಯ ಬಿಳಿ ಚೂರು, ಚಿಪ್ಪು, ಹವಳದ ತುಂಡು ನೀರನ್ನು ಇನ್ನಷ್ಟು ಗಡಸು ಮಾಡುತ್ತವೆ. ಯಾವುದೇ ಕಲ್ಲಿನ ಮೇಲೆ ಅನುಮಾನವಿದ್ದರೆ ವಿನೆಗರ್ ಹನಿ ಬಿಡಿ. ನೊರೆ ಬಂದರೆ ಅದು ಸುಣ್ಣದ ಕಲ್ಲು. ನೀಲಿ, ಗುಲಾಬಿ ಬಣ್ಣ ಬಳಿದ ಜಲ್ಲಿಯ ಬಗ್ಗೆ ನನ್ನ ಅಭಿಪ್ರಾಯವನ್ನು ಇಲ್ಲಿ ಬರೆಯದಿರುವುದೇ ಮರ್ಯಾದೆ.

ಬೆಳಕಿಗೆ 25–30 ವ್ಯಾಟಿನ, 6500 ಕೆಲ್ವಿನ್ ಎಂದು ಬರೆದಿರುವ ಬಿಳಿ ಎಲ್‌ಇಡಿ ಸಾಕು. ಮುಖ್ಯವಾದದ್ದು ಟೈಮರ್. ಶುರುವಿನಲ್ಲಿ ದಿನಕ್ಕೆ ಆರು ಗಂಟೆ, ಗಿಡ ಚಿಗುರಿದ ಮೇಲೆ ಎಂಟು ಗಂಟೆ. ಮಲಗುವ ತನಕ ಉರಿಯಲಿ ಎಂದು ಬಿಟ್ಟರೆ ಬೆಳೆಯುವುದು ಪಾಚಿಯೇ.

ಹೆಜ್ಜೆ 4: ಗಿಡಗಳು

ಗಿಡ ಅಲಂಕಾರಕ್ಕಲ್ಲ. ಮೀನು ಹೊರಹಾಕುವ ಅಮೋನಿಯವನ್ನು ಅದು ನೇರವಾಗಿ ಹೀರಿಕೊಳ್ಳುತ್ತದೆ, ಪಾಚಿಗೆ ಹೋಗಬೇಕಾದ ಪೋಷಕಾಂಶವನ್ನು ಕಸಿದುಕೊಳ್ಳುತ್ತದೆ, ಅಂಜುಬುರುಕ ಮೀನಿಗೆ ಮರೆ ಕೊಡುತ್ತದೆ. ಹೊಸಬರ ತೊಟ್ಟಿಯಲ್ಲಿ ಮೂರು ಗಿಡ ಬೊಗಸೆಯಷ್ಟು ಮರಳಿನಲ್ಲಿ ಒಂಟಿಯಾಗಿ ನಿಂತಿರುವುದನ್ನು ನೋಡಿದಾಗಲೆಲ್ಲ ಮುಂದಿನ ತಿಂಗಳ ಪಾಚಿ ಕಣ್ಣಿಗೆ ಕಟ್ಟುತ್ತದೆ. ನೆಡುವ ದಿನವೇ ತಳದ ಅರ್ಧಕ್ಕಿಂತ ಹೆಚ್ಚು ಭಾಗ ಮುಚ್ಚುವಷ್ಟು ನೆಡಿ. ಹಣ ಸಾಲದಿದ್ದರೆ ಅಗ್ಗದ, ಬೇಗ ಬೆಳೆಯುವ ಗಿಡಗಳಿಂದಲೇ ತುಂಬಿಸಿ. ದುಬಾರಿ ಗಿಡಗಳು ಆಮೇಲೆ ಬರಲಿ.

ಬೇಗ ಬೆಳೆಯುವವರ ಗುಂಪಿನಲ್ಲಿ ನಮ್ಮ ನಾಡಿನವೇ ಎಷ್ಟೋ ಇವೆ. ಹೈಗ್ರೋಫಿಲಾ ಪಾಲಿಸ್ಪರ್ಮಾ, ವಾಟರ್ ವಿಸ್ಟೇರಿಯಾ, ಅಂಬುಲಿಯಾ, ವಾಟರ್ ಸ್ಪ್ರೈಟ್, ರೊಟಾಲಾ ರೊಟಂಡಿಫೋಲಿಯಾ ಇವೆಲ್ಲ ಭಾರತದ ಗದ್ದೆ, ಹಳ್ಳ, ಕೆರೆಯಂಚಿನ ಗಿಡಗಳು. ಹಾರ್ನ್‌ವರ್ಟ್ ಎಂದು ಅಂಗಡಿಯಲ್ಲಿ ಮಾರುವ ಗಿಡಕ್ಕೆ ಬೇರೇ ಇಲ್ಲ, ನೀರಿನಲ್ಲಿ ತೇಲಬಿಟ್ಟರೂ ಬೆಳೆಯುತ್ತದೆ. ಹೊಸ ತೊಟ್ಟಿಯ ಮೊದಲ ಎರಡು ತಿಂಗಳಿಗೆ ಅದಕ್ಕಿಂತ ಒಳ್ಳೆಯ ಕೆಲಸಗಾರ ಇಲ್ಲ. ಇವುಗಳನ್ನು ಹಿಂಬದಿಗೆ, ಐದಾರು ಕಡ್ಡಿಗಳ ಗುಂಪಾಗಿ, ಕಡ್ಡಿಯಿಂದ ಕಡ್ಡಿಗೆ ಒಂದು ಇಂಚು ಅಂತರ ಬಿಟ್ಟು ನೆಡಿ. ಗಿಡದ ಕಟ್ಟಿನ ಬುಡಕ್ಕೆ ಸುತ್ತಿರುವ ಸೀಸದ ಪಟ್ಟಿ, ಸ್ಪಾಂಜು ತೆಗೆದುಹಾಕುವುದು ಮರೆಯಬೇಡಿ. ಅದರೊಳಗಿನ ದಂಟು ಕೊಳೆಯುತ್ತದೆ.

ಗಡಸು ನೀರಿನವರಿಗೆ ವ್ಯಾಲಿಸ್ನೇರಿಯಾ ವರದಾನ. ರಿಬ್ಬನ್ನಿನಂಥ ಉದ್ದನೆಯ ಎಲೆ, ನೀರಿನ ಬೈಕಾರ್ಬೊನೇಟನ್ನೇ ಇಂಗಾಲದ ಮೂಲವಾಗಿ ಬಳಸಿಕೊಳ್ಳುವ ಸಾಮರ್ಥ್ಯ ಅದಕ್ಕಿದೆ. ನೆಟ್ಟ ಮೊದಲ ಎರಡು ವಾರ ಸುಮ್ಮನಿದ್ದು, ಆಮೇಲೆ ಬಳ್ಳಿ ಹರಿಸಿ ಮರಿ ಹಾಕತೊಡಗುತ್ತದೆ. ನೆಡುವಾಗ ಬೇರು ಮಾತ್ರ ಮರಳಿನೊಳಗಿರಲಿ, ಎಲೆ ಹುಟ್ಟುವ ಬಿಳಿ ಬುಡ ಮೇಲಿರಲಿ. ‘ಲಿಕ್ವಿಡ್ ಕಾರ್ಬನ್’ ಎಂಬ ಹೆಸರಿನ ದ್ರಾವಣವನ್ನು ಈ ಗಿಡ ಇರುವ ತೊಟ್ಟಿಗೆ ಹಾಕಬೇಡಿ. ಅದರಲ್ಲಿರುವ ಗ್ಲುಟರಾಲ್ಡಿಹೈಡ್‌ಗೆ ವ್ಯಾಲಿಸ್ನೇರಿಯಾ, ಹಾರ್ನ್‌ವರ್ಟ್ ಎರಡೂ ಕರಗಿಹೋಗುತ್ತವೆ.

ನಡುಭಾಗಕ್ಕೆ ಕ್ರಿಪ್ಟೊಕೊರೈನ್. ಶ್ರೀಲಂಕಾದ ವೆಂಟಿ ಎಂಬ ಬಗೆ ಎಲ್ಲೆಡೆ ಸಿಗುತ್ತದೆ, ಕಡಿಮೆ ಬೆಳಕಿಗೂ ಒಗ್ಗುತ್ತದೆ. ಇದೇ ಕುಲದ ಗಿಡಗಳು ಪಶ್ಚಿಮ ಘಟ್ಟದ ಹೊಳೆಗಳ ಕಲ್ಲುಸಂದಿಯಲ್ಲಿಯೂ ಬೆಳೆಯುತ್ತವೆ. ಹಾಗೆಂದು ಹೊಳೆಯಿಂದ ಕಿತ್ತು ತರಬೇಡಿ. ನೆಟ್ಟ ವಾರದಲ್ಲೇ ಇದರ ಎಲೆಗಳೆಲ್ಲ ಲೋಳೆಯಾಗಿ ಕರಗಿದರೆ ಗಾಬರಿಯಾಗಿ ಕಿತ್ತೆಸೆಯಬಾರದು. ಜಾಗ ಬದಲಾದಾಗ ಅದು ಹಾಗೆಯೇ ಮಾಡುವುದು. ಬೇರು ಗಟ್ಟಿಯಿದ್ದರೆ ಒಂದು ತಿಂಗಳಲ್ಲಿ ಹೊಸ ನೀರಿಗೆ ಹೊಂದುವ ಹೊಸ ಎಲೆ ಬರುತ್ತದೆ. ಅಮೆಜಾನ್ ಸ್ವೋರ್ಡ್ ಒಂದೇ ಒಂದು ಸಾಕು. ಅಂಗೈಯಗಲದ ಗಿಡ ವರ್ಷದೊಳಗೆ ತೊಟ್ಟಿಯ ಎತ್ತರವನ್ನೆಲ್ಲ ಆಕ್ರಮಿಸುತ್ತದೆ. ಈ ಎರಡೂ ಬೇರಿನಿಂದ ಉಣ್ಣುವ ಗಿಡಗಳು. ಬರೀ ಮರಳಿನಲ್ಲಿ ಅವಕ್ಕೆ ಆಹಾರವಿಲ್ಲವಾದ್ದರಿಂದ ಎರಡು ಮೂರು ತಿಂಗಳಿಗೊಮ್ಮೆ ಬುಡದಲ್ಲಿ ಗೊಬ್ಬರದ ಗುಳಿಗೆ ಹೂಳಬೇಕು.

ಜಾವಾ ಫರ್ನ್ ಮತ್ತು ಅನೂಬಿಯಸ್‌ಗಳನ್ನು ಮಾತ್ರ ಮರಳಿನಲ್ಲಿ ನೆಡಲೇಬಾರದು. ಶುಂಠಿಯ ಗೆಡ್ಡೆಯಂಥ ದಪ್ಪನೆಯ ಅಡ್ಡಕಾಂಡ ಇವಕ್ಕಿದೆ. ಅದು ಹೂತುಹೋದರೆ ಗಿಡ ಕೊಳೆಯುತ್ತದೆ. ಮರದ ತುಂಡಿಗೋ ಕಲ್ಲಿಗೋ ಹೊಲಿಗೆ ದಾರದಲ್ಲಿ ಕಟ್ಟಿ, ಇಲ್ಲವೇ ಸಯನೊಆಕ್ರಿಲೇಟ್ ಅಂಟಿನ (ಸೂಪರ್ ಗ್ಲೂ) ಒಂದು ಹನಿಯಲ್ಲಿ ಅಂಟಿಸಿ. ಆ ಅಂಟು ನೀರಿನಲ್ಲಿ ತಕ್ಷಣ ಗಟ್ಟಿಯಾಗುತ್ತದೆ, ಮೀನಿಗೆ ತೊಂದರೆಯಿಲ್ಲ. ಎರಡೂ ನಿಧಾನವಾಗಿ ಬೆಳೆಯುವ ಗಿಡಗಳು, ಫಿಲ್ಟರಿನ ನೆರಳಿನಂಥ ಮಬ್ಬು ಜಾಗಕ್ಕೆ ಸರಿ. ಪ್ರಖರ ಬೆಳಕಿನಡಿ ಇಟ್ಟರೆ ಎಲೆಯ ಮೇಲೆ ಕಪ್ಪು ಪಾಚಿ ಕೂರುತ್ತದೆ.

ಕೆಂಪು ಎಲೆಯ ಆಲ್ಟರ್ನಾಂಥೆರಾ, ನೆಲಕ್ಕೆ ಹಾಸಿನಂತೆ ಹರಡುವ ಕುಳ್ಳ ಗಿಡಗಳು ನೋಡಲು ಚೆಂದ. ಅವಕ್ಕೆ ಇಂಗಾಲದ ಡೈ ಆಕ್ಸೈಡ್ ಸಿಲಿಂಡರ್, ಹೆಚ್ಚಿನ ಬೆಳಕು, ದಿನವೂ ಗೊಬ್ಬರ ಬೇಕು. ಮೊದಲ ವರ್ಷ ಇದರ ಗೊಡವೆ ಬೇಡ.

ಅಂಗಡಿಯಲ್ಲಿ ಒಂದು ಮೋಸ ನಡೆಯುತ್ತದೆ, ಎಷ್ಟೋ ಸಲ ಮಾರುವವರಿಗೂ ಗೊತ್ತಿರುವುದಿಲ್ಲ. ನೆಲದ ಮೇಲೆ ಬೆಳೆಯುವ ಗಿಡಗಳನ್ನು ನೀರಿನೊಳಗಿಟ್ಟು ಜಲಸಸ್ಯವೆಂದು ಮಾರುತ್ತಾರೆ: ಲಕ್ಕಿ ಬ್ಯಾಂಬೂ, ಸಿಂಗೋನಿಯಂ, ಬಿಳಿ ಪಟ್ಟೆಯ ಸ್ಪೈಡರ್ ಪ್ಲಾಂಟ್, ನೇರಳೆ ಎಲೆಯ ಹೆಮಿಗ್ರಾಫಿಸ್, ಹುಲ್ಲಿನಂಥ ಮಾಂಡೋ ಗ್ರಾಸ್. ಒಂದು ತಿಂಗಳು ಹಸಿರಾಗಿದ್ದು ಆಮೇಲೆ ನಿಂತಲ್ಲೇ ಕೊಳೆಯುತ್ತವೆ, ಜೊತೆಗೆ ನೀರನ್ನೂ ಕೆಡಿಸುತ್ತವೆ. ಗಿಡವನ್ನು ನೀರಿನಿಂದ ಮೇಲೆತ್ತಿ ನೋಡಿ. ಎಲೆ ಬಿರುಸಾಗಿ ನೆಟ್ಟಗೆ ನಿಂತು, ಮೇಣ ಸವರಿದಂತೆ ಹೊಳೆದು, ನೀರು ಹನಿಹನಿಯಾಗಿ ಜಾರಿದರೆ ಅನುಮಾನಪಡಿ. ನೀರೊಳಗೇ ಬೆಳೆದ ಗಿಡದ ತೆಳು ಎಲೆ ಸಾಮಾನ್ಯವಾಗಿ ಜೋತುಬೀಳುತ್ತದೆ. ಅನೂಬಿಯಸ್ ಇದಕ್ಕೆ ಅಪವಾದ, ಅದರ ಎಲೆ ಎಲ್ಲಿದ್ದರೂ ಬಿರುಸೇ.

ತಂದ ಗಿಡವನ್ನು ತಿಳಿ ಗುಲಾಬಿ ಬಣ್ಣದ ಪೊಟ್ಯಾಸಿಯಂ ಪರ್ಮಾಂಗನೇಟ್ ದ್ರಾವಣದಲ್ಲಿ ಹತ್ತು ನಿಮಿಷ ಅದ್ದಿ, ಚೆನ್ನಾಗಿ ತೊಳೆದು ನೆಡಿ. ಬಸವನಹುಳದ ಮೊಟ್ಟೆಗಳು ಎಲೆಯಡಿ ಲೋಳೆಯ ಚುಕ್ಕೆಯಂತೆ ಅಂಟಿರುತ್ತವೆ. ಅವನ್ನು ಉಗುರಿನಿಂದ ಕೆರೆದು ತೆಗೆಯಿರಿ. ಒಂದೆರಡು ತಪ್ಪಿಸಿಕೊಂಡು ಬಂದರೂ ಪ್ರಳಯವೇನೂ ಆಗುವುದಿಲ್ಲ.

ಹೆಜ್ಜೆ 5: ಮೀನಿಲ್ಲದ ತಿಂಗಳು

ಗಿಡ ನೆಟ್ಟು, ನೀರು ತುಂಬಿ, ಫಿಲ್ಟರ್ ಶುರುಮಾಡಿದ ಮೇಲೆ ನಾಲ್ಕರಿಂದ ಆರು ವಾರ ಮೀನು ತರಬಾರದು. ಮನೆಯ ಮಕ್ಕಳಿಗೆ ಇದನ್ನು ಒಪ್ಪಿಸುವುದೇ ಇಡೀ ಕೆಲಸದಲ್ಲಿ ಅತಿ ಕಷ್ಟದ್ದು. ಆದರೆ ಕಾರಣ ಗಟ್ಟಿಯಿದೆ. ಮೀನು ಹೊರಹಾಕುವ ಅಮೋನಿಯವನ್ನು ಒಂದು ಬಗೆಯ ಬ್ಯಾಕ್ಟೀರಿಯಾ ನೈಟ್ರೈಟ್ ಮಾಡುತ್ತದೆ, ಇನ್ನೊಂದು ಬಗೆ ಆ ನೈಟ್ರೈಟನ್ನು ನೈಟ್ರೇಟ್ ಮಾಡುತ್ತದೆ. ಮೊದಲೆರಡು ವಿಷ, ಮೂರನೆಯದು ಮಿತಿಯಲ್ಲಿದ್ದರೆ ನಿರಪಾಯ. ಹೊಸ ಫಿಲ್ಟರಿನಲ್ಲಿ ಈ ಬ್ಯಾಕ್ಟೀರಿಯಾಗಳು ಇರುವುದಿಲ್ಲ, ನಿಧಾನವಾಗಿ ನೆಲೆಯೂರಬೇಕು. ಗಡಸು ನೀರಿನವರು ಇನ್ನಷ್ಟು ಎಚ್ಚರದಿಂದಿರಬೇಕು, ಏಕೆಂದರೆ ಪಿಎಚ್ 7ರಲ್ಲಿ ಇರುವುದಕ್ಕಿಂತ ಪಿಎಚ್ 8ರಲ್ಲಿ ಅಮೋನಿಯದ ವಿಷರೂಪ ಸುಮಾರು ಹತ್ತು ಪಟ್ಟು ಹೆಚ್ಚು.

ಮಾಡಬೇಕಾದದ್ದು ಸರಳ. ದಿನಕ್ಕೊಂದು ಚಿಟಿಕೆ ಮೀನಿನ ಆಹಾರವನ್ನು ಖಾಲಿ ತೊಟ್ಟಿಗೇ ಹಾಕುತ್ತ ಬನ್ನಿ. ಅದು ಕೊಳೆತು ಅಮೋನಿಯ ಹುಟ್ಟುತ್ತದೆ, ಬ್ಯಾಕ್ಟೀರಿಯಾಕ್ಕೆ ಅದೇ ಊಟ. ಮೂರು ದಿನಕ್ಕೊಮ್ಮೆ ಅಳೆಯಿರಿ. ಮೊದಲು ಅಮೋನಿಯ ಏರಿ ಇಳಿಯುತ್ತದೆ, ಬೆನ್ನಿಗೇ ನೈಟ್ರೈಟ್ ಏರಿ ಇಳಿಯುತ್ತದೆ. ಆಹಾರ ಹಾಕುತ್ತಿದ್ದರೂ ಎರಡೂ ಒಂದು ವಾರ ಸೊನ್ನೆಯಲ್ಲಿ ನಿಂತರೆ ತೊಟ್ಟಿ ಸಿದ್ಧ. ಪರಿಚಿತರ ಮನೆಯ ಆರೋಗ್ಯವಂತ ತೊಟ್ಟಿಯಿಂದ ಹಳೆಯ ಫಿಲ್ಟರ್ ಸ್ಪಾಂಜಿನ ತುಂಡು ಸಿಕ್ಕರೆ ಕಾಯುವ ಕಾಲ ಅರ್ಧಕ್ಕೆ ಇಳಿಯಬಹುದು. ಅದನ್ನು ಒಣಗಲು ಬಿಡದೆ, ನಲ್ಲಿಯಡಿ ತೊಳೆಯದೆ, ಹಾಗೆಯೇ ನಿಮ್ಮ ಫಿಲ್ಟರಿಗೆ ಸೇರಿಸಿ.

ಹೆಜ್ಜೆ 6: ಮೀನನ್ನು ಆರಿಸುವುದು

‘ಗ್ಯಾಲನ್‌ಗೆ (ಸುಮಾರು ನಾಲ್ಕು ಲೀಟರಿಗೆ) ಒಂದು ಇಂಚು ಮೀನು’ ಎಂಬ ಲೆಕ್ಕ ಎಲ್ಲೆಲ್ಲೂ ಕೇಳಿಬರುತ್ತದೆ. ಹತ್ತು ನಿಯಾನ್ ಟೆಟ್ರಾಗಳ ಒಟ್ಟು ಉದ್ದಕ್ಕೆ ಅಡಿಯುದ್ದ ಬೆಳೆಯುವ ದಪ್ಪ ಮೈಯ ಒಂದು ಆಸ್ಕರ್ ಮೀನು ಸಮ ಎನ್ನುವ ಲೆಕ್ಕ ಅದು. ಆಸ್ಕರ್ ಹೊರಹಾಕುವ ಹೊಲಸನ್ನು ನೋಡಿದವರು ಆ ಮಾತು ಆಡುವುದಿಲ್ಲ. ಅದನ್ನು ಬಿಟ್ಟು ಪ್ರತಿ ಮೀನಿನ ಬಗ್ಗೆಯೂ ಈ ಪ್ರಶ್ನೆಗಳನ್ನು ಕೇಳಿ.

ದೊಡ್ಡದಾದಾಗ ಎಷ್ಟುದ್ದ? ಅಂಗಡಿಯಲ್ಲಿ ಇರುವುದೆಲ್ಲ ಮರಿಗಳೇ. ಮೂರಡಿ ತೊಟ್ಟಿಗೆ ಬೆಳೆದು ನಿಂತಾಗಲೂ 12 ಸೆಂಟಿಮೀಟರ್ ಮೀರದ ಮೀನು ಸಾಕು.

ಒಂಟಿಯೋ, ಗುಂಪೋ? ಟೆಟ್ರಾ, ರಾಸ್ಬೋರಾ, ಬಾರ್ಬ್, ಡೇನಿಯೊ, ಕೋರಿಡೋರಸ್ ಇವೆಲ್ಲ ಗುಂಪಿನ ಜೀವಿಗಳು. ಎರಡು ಇದು, ಎರಡು ಅದು ಎಂದು ಹತ್ತು ಬಗೆ ತಂದರೆ ಹತ್ತು ಬಗೆಯೂ ಗಿಡದ ಮರೆಯಲ್ಲಿ ಬಣ್ಣಗೆಟ್ಟು ಅಡಗಿರುತ್ತವೆ. ಒಂದೇ ಬಗೆಯ ಹನ್ನೆರಡು ಮೀನು ತಂದರೆ ಅವು ಹೊರಬಂದು ಈಜುತ್ತವೆ, ಗಂಡುಗಳು ಒಂದರೆದುರು ಒಂದು ಬಣ್ಣ ಮೆರೆಸುತ್ತವೆ. ಬಗೆ ಕಡಿಮೆ, ಸಂಖ್ಯೆ ಹೆಚ್ಚು ಎಂಬ ಒಂದು ಮಾತನ್ನು ಹೊಸಬರು ಒಪ್ಪಿದರೆ ತೊಟ್ಟಿಯ ಚೆಲುವು ತಾನಾಗಿ ಬರುತ್ತದೆ.

ನೀರಿನ ಯಾವ ಅಂತಸ್ತಿನಲ್ಲಿ ಇರುತ್ತದೆ? ಮೇಲೆ ಗೌರಾಮಿ ಅಥವಾ ಡೇನಿಯೊ, ನಡುವೆ ಟೆಟ್ರಾ, ತಳದಲ್ಲಿ ಕೋರಿಡೋರಸ್. ಎಲ್ಲವೂ ನಡುವಿನವೇ ಆದರೆ ಮುಕ್ಕಾಲು ತೊಟ್ಟಿ ಖಾಲಿಯಾಗಿ ಕಾಣುತ್ತದೆ.

ಯಾರನ್ನು ಕಚ್ಚುತ್ತದೆ, ಯಾರನ್ನು ನುಂಗುತ್ತದೆ? ಟೈಗರ್ ಬಾರ್ಬ್, ಸೆರ್ಪೆ ಟೆಟ್ರಾ ಉದ್ದ ರೆಕ್ಕೆಯ ಮೀನಿನ ರೆಕ್ಕೆ ಕತ್ತರಿಸುತ್ತವೆ. ಗಪ್ಪಿ, ಏಂಜೆಲ್ ಇರುವಲ್ಲಿ ಅವು ಬೇಡ. ಏಂಜೆಲ್ ಸಾಧು ಮುಖದ್ದಾದರೂ ಸಿಕ್ಲಿಡ್ ಎಂಬ ಜಗಳಗಂಟ ಮೀನುಗಳ ಕುಟುಂಬದ್ದು. ಬೆಳೆದ ಮೇಲೆ ನಿಯಾನ್ ಟೆಟ್ರಾ ಅದರ ಬಾಯಿಗೆ ಸರಿಯಾದ ತುತ್ತು. ಬಾಯೊಳಗೆ ಹಿಡಿಸುವುದೆಲ್ಲ ಒಂದಲ್ಲ ಒಂದು ರಾತ್ರಿ ಹೊಟ್ಟೆ ಸೇರುತ್ತದೆ.

ಗಿಡ ತಿನ್ನುತ್ತದೆಯೇ? ಗೋಲ್ಡ್ ಫಿಶ್, ಸಿಲ್ವರ್ ಡಾಲರ್ ಬಂದರೆ ನಾಲ್ಕನೆಯ ಹೆಜ್ಜೆಯ ಶ್ರಮವೆಲ್ಲ ಅವುಗಳ ಊಟ.

ಇನ್ನು ಮನೆಗೆ ತರಲೇಬಾರದವರ ಪಟ್ಟಿ. ‘ಪಾಚಿ ತಿನ್ನುತ್ತದೆ’ ಎಂದು ಪ್ರತಿ ಅಂಗಡಿಯಲ್ಲೂ ದಾಟಿಸುವ ಸಕ್ಕರ್ ಮೀನು ಬೆರಳುದ್ದದಿಂದ ಒಂದೂವರೆ ಅಡಿಗೆ ಬೆಳೆಯುತ್ತದೆ, ಬೆಳೆದಂತೆ ಪಾಚಿಗಿಂತ ಹೊಲಸನ್ನೇ ಹೆಚ್ಚು ಮಾಡುತ್ತದೆ. ಪಾಚಿಗೆ ಮೀನೇ ಬೇಕಾದರೆ 12 ಸೆಂಟಿಮೀಟರಿಗೆ ನಿಲ್ಲುವ ಬ್ರಿಸಲ್‌ನೋಸ್ ತನ್ನಿ. ‘ಶಾರ್ಕ್’ ಎಂದು ಮಾರುವ ಪಂಗಾಸಿಯಸ್ ಊಟಕ್ಕಾಗಿ ಕೆರೆಗಳಲ್ಲಿ ಸಾಕುವ ಮೀನು, ಮೂರಡಿ ತೊಟ್ಟಿಯಲ್ಲಿ ಗಾಜಿಗೆ ಮೂತಿ ಜಜ್ಜಿಕೊಳ್ಳುತ್ತದೆ. ಬಾಲಾ ಶಾರ್ಕ್ ಒಂದಡಿ ದಾಟುತ್ತದೆ. ಬೆನ್ನಮೇಲೆ ಗುಲಾಬಿ, ಹಸಿರು ಗೆರೆಯಿರುವ ಗಾಜಿನಂಥ ಪಾರದರ್ಶಕ ಮೀನು ಕಂಡರೆ ಅದು ಸೂಜಿಯಿಂದ ಚುಚ್ಚಿ ತುಂಬಿದ ಬಣ್ಣ. ಅದನ್ನು ಕೊಳ್ಳುವುದೆಂದರೆ ಆ ಕ್ರೌರ್ಯಕ್ಕೆ ಹಣ ಕೊಟ್ಟಂತೆ. ಎಂಟು ಬಂಗಾರದ ಬಣ್ಣದ್ದು, ಒಂದು ಕಪ್ಪು ಎಂಬ ವಾಸ್ತು ಸಲಹೆಯ ಒಂಬತ್ತು ಗೋಲ್ಡ್ ಫಿಶ್‌ಗಳಿಗೆ 150 ಲೀಟರ್ ನೀರು ಯಾವ ಮೂಲೆಗೂ ಸಾಲದು, ತೊಟ್ಟಿ ಯಾವ ಮೂಲೆಯಲ್ಲಿದ್ದರೂ ಸರಿಯೇ.

ಕರ್ನಾಟಕ, ಕೇರಳದ ಘಟ್ಟದ ಹೊಳೆಗಳಲ್ಲಿ ಮಾತ್ರ ಹುಟ್ಟಿಬೆಳೆದ, ಕೆಂಪು ಕಪ್ಪು ಪಟ್ಟೆಯ ಡೆನಿಸನ್ ಬಾರ್ಬ್ ಬಗ್ಗೆ ಬಹಳ ಜನ ಕೇಳುತ್ತಾರೆ. 1865ರಲ್ಲಿ ಮೀನುತಜ್ಞ ಫ್ರಾನ್ಸಿಸ್ ಡೇ ಇದನ್ನು ವಿಜ್ಞಾನಕ್ಕೆ ಪರಿಚಯಿಸಿದ. ಈಗ ಅದು ಅಳಿವಿನ ಅಂಚಿನ ಕೆಂಪು ಪಟ್ಟಿಯಲ್ಲಿದೆ, ಅಲಂಕಾರಿಕ ಮೀನಿನ ವ್ಯಾಪಾರಕ್ಕಾಗಿ ಹೊಳೆಯಿಂದ ಹಿಡಿದದ್ದೂ ಅದಕ್ಕೊಂದು ಕಾರಣ. ರಭಸದ ನೀರಿನಲ್ಲಿ ಗುಂಪಾಗಿ ಓಡುವ ಈ ಮೀನಿಗೆ ನಾಲ್ಕಡಿಗಿಂತ ಉದ್ದದ ತೊಟ್ಟಿ ಬೇಕು. ಮೂರಡಿಯವರು ಆಸೆ ಬಿಡುವುದು ಒಳ್ಳೆಯದು.

ಹೆಜ್ಜೆ 7: ನೀರಿಗೆ ತಕ್ಕ ಮೂರು ಜೋಡಣೆ

ಮೆದು ಅಥವಾ ನಡುವಿನ ನೀರಿದ್ದರೆ, 24–27 ಡಿಗ್ರಿ ಕಾಯ್ದುಕೊಳ್ಳಲಾಗುವುದಿದ್ದರೆ: ಹದಿನೈದು ಹಾರ್ಲೆಕ್ವಿನ್ ರಾಸ್ಬೋರಾ, ಎಂಟು ಕೋರಿಡೋರಸ್, ಮೂರು ಪರ್ಲ್ ಗೌರಾಮಿ (ಒಂದು ಗಂಡು, ಎರಡು ಹೆಣ್ಣು), ಒಂದು ಬ್ರಿಸಲ್‌ನೋಸ್. ರಾಸ್ಬೋರಾ ಬದಲು ಇಪ್ಪತ್ತು ನಿಯಾನ್ ಟೆಟ್ರಾ ಇಡಬಹುದು, ಆದರೆ ತೊಟ್ಟಿಗೆ ಮೂರು ತಿಂಗಳಾದ ಮೇಲೆ. ಹೊಸ ನೀರು ನಿಯಾನ್‌ಗೆ ಒಗ್ಗುವುದಿಲ್ಲ. ಗಿಡವಾಗಿ ಕ್ರಿಪ್ಟೊಕೊರೈನ್, ಜಾವಾ ಫರ್ನ್, ಅಂಬುಲಿಯಾ. ಒಂದೇ ಜೋಡಣೆ ಸೂಚಿಸಿ ಎಂದರೆ ನಾನು ಹೇಳುವುದು ಇದನ್ನೇ.

ಗಡಸು ಕೊಳವೆಬಾವಿ ನೀರಿದ್ದರೆ ಅಳುವುದು ಬೇಡ, ಅಂಥ ನೀರನ್ನೇ ಬಯಸುವ ಮೀನುಗಳಿವೆ. ಪ್ಲಾಟಿ, ಗಪ್ಪಿ, ಮೋಲಿ ಮೂರೂ ಗಡಸು ನೀರಿನವು. ಮೋಲಿಯಂತೂ ಮೆದು ನೀರಿನಲ್ಲಿ ನಿಂತಲ್ಲೇ ಕಂಪಿಸುತ್ತ ಸೊರಗುತ್ತದೆ. ಎಂಟು ಪ್ಲಾಟಿ, ಜೊತೆಗೆ ನ್ಯೂಗಿನಿಯ ಎಂಟು ಡ್ವಾರ್ಫ್ ನಿಯಾನ್ ರೈನ್‌ಬೋ, ತಳಕ್ಕೆ ಆರು ಕಂಚಿನ ಕೋರಿಡೋರಸ್. ಒಂದು ಗಂಡಿಗೆ ಎರಡು ಮೂರು ಹೆಣ್ಣಿನ ಲೆಕ್ಕದಲ್ಲಿ ಪ್ಲಾಟಿ ಆರಿಸಿ, ಇಲ್ಲವಾದರೆ ಗಂಡುಗಳ ಕಾಟಕ್ಕೆ ಹೆಣ್ಣು ಬಸವಳಿಯುತ್ತದೆ. ಬರೀ ಹೆಣ್ಣು ತಂದರೂ ಮರಿ ಹುಟ್ಟುತ್ತವೆ ಎಂಬುದು ನೆನಪಿರಲಿ. ಒಮ್ಮೆ ಕೂಡಿದ ಹೆಣ್ಣು ವೀರ್ಯವನ್ನು ತಿಂಗಳುಗಟ್ಟಲೆ ಕಾಪಿಟ್ಟುಕೊಂಡು ಸುಮಾರು ನಾಲ್ಕು ವಾರಕ್ಕೊಮ್ಮೆ ಮರಿ ಹಾಕಬಲ್ಲದು. ಹಿಂಬದಿ ಪೂರ್ತಿ ವ್ಯಾಲಿಸ್ನೇರಿಯಾ.

ಮೂರನೆಯದು ನಮ್ಮ ಉಪಖಂಡದ ಮೀನುಗಳದೇ ತೊಟ್ಟಿ: ಹನ್ನೆರಡು ಜೀಬ್ರಾ ಡೇನಿಯೊ, ಎಂಟು ಚೆರ್ರಿ ಬಾರ್ಬ್, ನಾಲ್ಕು ಹನಿ ಗೌರಾಮಿ. ಡೇನಿಯೊ ಮತ್ತು ಹನಿ ಗೌರಾಮಿ ಭಾರತದವು, ಚೆರ್ರಿ ಬಾರ್ಬ್ ಶ್ರೀಲಂಕಾದ್ದು. ಬೆಂಗಳೂರು, ಮೈಸೂರಿನ ಹವೆಗೆ ಹೀಟರಿನ ಅಗತ್ಯ ಕಡಿಮೆ, ನೀರಿನ ಗಡಸುತನದ ಬಗ್ಗೆಯೂ ಇವುಗಳದು ದೊಡ್ಡ ತಕರಾರಿಲ್ಲ. ಗೌರಾಮಿಗಳಿಗೆ ಮೇಲ್ಮೈಗೆ ಬಂದು ಗಾಳಿಯನ್ನೇ ನೇರವಾಗಿ ಉಸಿರಾಡುವ ಅಂಗವಿದೆ, ಹೀಗಾಗಿ ಬೇಸಿಗೆಯ ಬಿಸಿ ನೀರಿನಲ್ಲೂ ತಾಳಿಕೊಳ್ಳುತ್ತವೆ. ನೀರಿಗೂ ಮುಚ್ಚಳಕ್ಕೂ ನಡುವೆ ಎರಡು ಇಂಚು ಬಿಡಬೇಕೆಂದದ್ದು ಇದಕ್ಕಾಗಿಯೂ ಹೌದು. ಡೇನಿಯೊ ನೆಗೆಯುವ ಮೀನು, ಮುಚ್ಚಳವೋ ಬಲೆಯೋ ಇರಲೇಬೇಕು. ಗಿಡಗಳೂ ಇಲ್ಲಿಯವೇ ಆಗಲಿ, ರೊಟಾಲಾ, ಹೈಗ್ರೋಫಿಲಾ, ನೀರುಬ್ರಾಹ್ಮಿ.

ಹೆಜ್ಜೆ 8: ಅಂಗಡಿಯಲ್ಲಿ ನಿಂತು ನೋಡಬೇಕಾದದ್ದು

ದಕ್ಷಿಣದ ಅಂಗಡಿಗಳಿಗೆ ಬರುವ ಮೀನಿನಲ್ಲಿ ಬಹುಪಾಲು ಚೆನ್ನೈನ ಕೊಳತ್ತೂರಿನ ಸಗಟು ಪೇಟೆಯಿಂದ ಚೀಲಗಳಲ್ಲಿ ಪ್ರಯಾಣ ಮಾಡಿ ಬಂದದ್ದು. ಬಂದ ದಿನವೇ ಕೊಳ್ಳಬೇಡಿ. ಸರಕು ಯಾವಾಗ ಬಂತೆಂದು ಕೇಳಿ, ಒಂದು ವಾರ ಅಂಗಡಿಯಲ್ಲೇ ಬದುಕಿದ ಮೀನನ್ನು ಆರಿಸಿ. ತೊಟ್ಟಿಯ ಮುಂದೆ ಐದು ನಿಮಿಷ ಸುಮ್ಮನೆ ನಿಂತುಕೊಳ್ಳಿ. ರೆಕ್ಕೆ ಬಿಚ್ಚಿ ಈಜುತ್ತಿವೆಯೇ, ಮೈಗೆ ಅಂಟಿಸಿಕೊಂಡಿವೆಯೇ? ಮೈಮೇಲೆ ಉಪ್ಪಿನ ಕಾಳಿನಂಥ ಬಿಳಿ ಚುಕ್ಕೆ, ಕಲ್ಲಿಗೆ ಮೈ ಉಜ್ಜುವುದು, ಒಳಗೆ ಸೇದಿದ ಹೊಟ್ಟೆ, ಮೇಲೆ ಬಂದು ಬಾಯಿ ಬಡಿಯುವುದು, ಇವುಗಳಲ್ಲಿ ಒಂದು ಕಂಡರೂ ಆ ತೊಟ್ಟಿಯಿಂದ ಯಾವ ಮೀನನ್ನೂ ಕೊಳ್ಳಬೇಡಿ, ಚೆನ್ನಾಗಿ ಕಾಣುವುದನ್ನೂ. ಸ್ವಲ್ಪ ಆಹಾರ ಹಾಕಲು ಹೇಳಿ. ತಿನ್ನದ ಮೀನನ್ನು ಅರ್ಧ ಬೆಲೆಗೆ ಕೊಟ್ಟರೂ ಬೇಡ.

ಹೆಜ್ಜೆ 9: ಬಿಡುವ ಕ್ರಮ

ಎಲ್ಲವನ್ನೂ ಒಂದೇ ದಿನ ತರಬಾರದು. ಮೊದಲು ಗಟ್ಟಿಮುಟ್ಟಾದ ಒಂದು ಗುಂಪು, ಡೇನಿಯೊ, ಪ್ಲಾಟಿ ಅಥವಾ ರಾಸ್ಬೋರಾ, ಆರೆಂಟು ಮಾತ್ರ. ಎರಡು ವಾರ ಬಿಟ್ಟು ಅಮೋನಿಯ, ನೈಟ್ರೈಟ್ ಅಳೆದು, ಸೊನ್ನೆಯಿದ್ದರೆ ಆ ಗುಂಪನ್ನು ಪೂರ್ತಿಮಾಡಿ. ಮತ್ತೆರಡು ವಾರಕ್ಕೆ ತಳದ ಮೀನು. ಗೌರಾಮಿಯಂಥ ದೊಡ್ಡ ಮೀನು ಎಲ್ಲರಿಗಿಂತ ಕೊನೆಗೆ. ಮೊದಲೇ ಬಂದರೆ ಇಡೀ ತೊಟ್ಟಿಯನ್ನು ತನ್ನ ಜಹಗೀರು ಎಂದುಕೊಂಡು ಆಮೇಲೆ ಬಂದವರನ್ನು ಓಡಿಸುತ್ತದೆ.

ಮೊದಲ ಗುಂಪಿನ ನಂತರ ಬರುವ ಪ್ರತಿ ಮೀನನ್ನೂ ಎರಡು ಮೂರು ವಾರ ಬೇರೆ ಇಡಿ. 30–40 ಲೀಟರಿನ ಪ್ಲಾಸ್ಟಿಕ್ ಟಬ್ಬು, ಒಂದು ಸ್ಪಾಂಜ್ ಫಿಲ್ಟರ್, ಮರೆಗೆ ಒಂದಿಷ್ಟು ಹಾರ್ನ್‌ವರ್ಟ್ ಇದ್ದರೆ ಸಾಕು. ತೊಟ್ಟಿಗೆ ಬಿಡುವ ದಿನ ದೀಪ ಆರಿಸಿ. ಕಟ್ಟಿದ ಚೀಲವನ್ನು ಹದಿನೈದು ನಿಮಿಷ ತೇಲಬಿಡಿ, ಆಮೇಲೆ ಬಾಯಿ ಬಿಚ್ಚಿ ಐದು ನಿಮಿಷಕ್ಕೊಮ್ಮೆ ಒಂದು ಲೋಟ ತೊಟ್ಟಿಯ ನೀರು ಸೇರಿಸುತ್ತ ಬನ್ನಿ. ಅರ್ಧ ಗಂಟೆಯ ಬಳಿಕ ಬಲೆಯಿಂದ ಮೀನನ್ನು ಮಾತ್ರ ಎತ್ತಿ ಬಿಡಿ. ಚೀಲದ ನೀರು ಬಚ್ಚಲಿಗೆ.

ಆಹಾರ ದಿನಕ್ಕೊಮ್ಮೆ ಅಥವಾ ಎರಡು ಸಲ, ಎರಡು ನಿಮಿಷದಲ್ಲಿ ಖಾಲಿಯಾಗುವಷ್ಟು. ವಾರಕ್ಕೊಂದು ಉಪವಾಸ ಒಳ್ಳೆಯದು. ಮನೆಯಲ್ಲಿ ಆಹಾರ ಹಾಕುವವರು ಒಬ್ಬರೇ ಇರಲಿ. ಅಜ್ಜಿ ಒಂದು ಸಲ, ಮೊಮ್ಮಗ ಒಂದು ಸಲ ಹಾಕಿದರೆ ಮೀನು ಬೇಡವೆನ್ನುವುದಿಲ್ಲ, ನೀರು ಕೆಡುತ್ತದೆ. ವಾರಕ್ಕೊಮ್ಮೆ ನಲವತ್ತು ಲೀಟರ್, ಅಂದರೆ ಎರಡು ಮೂರು ಬಕೆಟ್ ನೀರು ಬದಲಿಸಿ. ಫಿಲ್ಟರಿನ ಸ್ಪಾಂಜನ್ನು ಹೊರತೆಗೆದ ಆ ಹಳೆಯ ನೀರಿನಲ್ಲೇ ಹಿಂಡಿ, ಕ್ಲೋರಿನ್ ನೀರಿನ ನಲ್ಲಿಯಡಿ ಹಿಡಿಯಬೇಡಿ. ತಿಂಗಳುಗಟ್ಟಲೆ ಕಾದು ಬೆಳೆಸಿದ ಬ್ಯಾಕ್ಟೀರಿಯಾ ಎರಡು ನಿಮಿಷದಲ್ಲಿ ಹೋಗಿಬಿಡುತ್ತವೆ.

ಹೆಚ್ಚಾದದ್ದನ್ನು ಏನು ಮಾಡುವುದು?

ಆರು ತಿಂಗಳಲ್ಲಿ ಎರಡು ಸಂಗತಿ ಖಚಿತ. ಗಿಡ ಕತ್ತರಿಸಬೇಕಾಗುತ್ತದೆ, ಪ್ಲಾಟಿ ಗಪ್ಪಿ ಇದ್ದರೆ ಮರಿಗಳು ಲೆಕ್ಕ ತಪ್ಪುತ್ತವೆ. ಯಾವುದನ್ನೂ ಕೆರೆಗೋ ಹೊಳೆಗೋ ಬಿಡಬೇಡಿ. ಹೀಗೆ ಬಿಟ್ಟ ಸಕ್ಕರ್ ಮೀನುಗಳು ದಕ್ಷಿಣ ಭಾರತದ ಅನೇಕ ಕೆರೆ, ಹೊಳೆಗಳಲ್ಲಿ ಬೀಡುಬಿಟ್ಟಿವೆ, ಮೀನುಗಾರರ ಬಲೆ ಹರಿಯುತ್ತಿವೆ. ಮರಿಗಳನ್ನು ಅಂಗಡಿಗೆ ಕೊಟ್ಟರೆ ಬದಲಿಗೆ ಆಹಾರದ ಡಬ್ಬವಾದರೂ ಸಿಗುತ್ತದೆ. ಕತ್ತರಿಸಿದ ಗಿಡವನ್ನು ಹೊಸದಾಗಿ ಶುರುಮಾಡುವವರಿಗೆ ಕೊಡಿ, ಅವರಿಗೆ ಅಂಗಡಿಯದ್ದಕ್ಕಿಂತ ನಿಮ್ಮ ಗಿಡವೇ ಚೆನ್ನಾಗಿ ಹಿಡಿಯುತ್ತದೆ. ಉಳಿದದ್ದನ್ನು ತಾರಸಿಯ ಬಿಸಿಲಿನಲ್ಲಿ ಗರಿಗರಿಯಾಗುವಂತೆ ಒಣಗಿಸಿ ಹೂಕುಂಡಕ್ಕೆ ಹಾಕಿ. ಬದಲಿಸಿದ ಹಳೆಯ ನೀರನ್ನೂ ಅದೇ ಕುಂಡಗಳಿಗೆ ಸುರಿಯಬಹುದು. ನೈಟ್ರೇಟ್ ತುಂಬಿರುವ ಆ ನೀರು ಗಿಡಗಳಿಗೆ ಗೊಬ್ಬರವೇ.